ಮಳೆಹನಿಯಲ್ಲಿ ಲೋಹದ ಲೇಶ

ಮಳೆಯ ನೀರಿನಷ್ಟು ಶುದ್ಧವಾದುದು ಬೇರೊಂದಿಲ್ಲವೆಂಬುದು ನಮ್ಮ ಹಿರಿಯರ ನಂಬಿಕೆ. ಸೂರಿನ ನೀರನ್ನು ತಾಮ್ರದ ಹಂಡೆಗೆ ಹಿಡಿದು, ಬೇಳೆ ಚೆನ್ನಾಗಿ ಬೇಯುತ್ತದೆಂದು ಕಾದಿಡುವವರು ಹಳ್ಳಿಗಳಲ್ಲಿ ಇಂದಿಗೂ ಉಂಟು. ಗಡಸುನೀರಿನ ಬಾವಿಗೆ ಹೋಲಿಸಿದರೆ ಈ ನಂಬಿಕೆ ತಪ್ಪೂ ಅಲ್ಲ. ಆದರೆ ಮಳೆಹನಿ ಭೂಮಿಗೆ ಬರಿಗೈಯಲ್ಲಿ ಇಳಿಯುವುದಿಲ್ಲ. ಹನಿಗಟ್ಟುವುದಕ್ಕೇ ಅದಕ್ಕೊಂದು ಧೂಳಿನ ಕಣವೋ ಉಪ್ಪಿನ ಕಣವೋ ಬೇಕು. ಇಳಿಯುವಾಗ ಅದು ಗಾಳಿಯನ್ನು ತೊಳೆದುಕೊಂಡು ಬರುತ್ತದೆ.

ಇದನ್ನು ಮೊದಲು ಪಟ್ಟುಹಿಡಿದು ಪರೀಕ್ಷಿಸಿದವರಲ್ಲಿ ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಜ್ಞನು ಪ್ರಮುಖನು. ಗಿರಣಿಗಳ ಊರಾದ ಮ್ಯಾಂಚೆಸ್ಟರಿನ ಮಳೆಯಲ್ಲಿ ಆಮ್ಲವಿರುವುದನ್ನು ಅವನು 1852ರಲ್ಲಿ ತಿಳಿಸಿದನು. ಆಮ್ಲವನ್ನು ಕಂಡುಹಿಡಿಯುವುದು ಅಂದಿನ ಉಪಕರಣಗಳಿಗೂ ಸಾಧ್ಯವಿತ್ತು. ಸೀಸ, ಸತು, ಕ್ಯಾಡ್ಮಿಯಮ್, ಪಾದರಸಗಳ ಮಾತು ಹಾಗಲ್ಲ. ಇವು ಅತ್ಯಲ್ಪವಾಗಿರುವುದರಿಂದ ಲೇಶಧಾತುಗಳೆಂದು ಕರೆಯಬಹುದು. ಒಂದು ಲೀಟರಿನಲ್ಲಿ ಒಂದು ಮೈಕ್ರೋಗ್ರಾಂ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು. ಇದೇನು ಮಹಾ ಎನ್ನಬೇಡಿ. ವರ್ಷಕ್ಕೆ 1000 ಮಿಲಿಮೀಟರ್ ಮಳೆ ಬೀಳುವ ಕಡೆ ಈ ಲೆಕ್ಕದಲ್ಲಿ ಎಕರೆಯೊಂದಕ್ಕೆ ಸುಮಾರು 4 ಗ್ರಾಂ ಲೋಹ ಬಂದು ಸೇರುತ್ತದೆ. ಲೋಹ ಕೊಳೆತು ನಾಶವಾಗುವ ವಸ್ತುವಲ್ಲ.

ಅಳೆಯುವ ಕೆಲಸದಲ್ಲಿ ಅತ್ಯಂತ ಕಷ್ಟವಾದುದು ನೀರನ್ನು ಹಿಡಿಯುವುದೇ. ನಮ್ಮ ಹಂಡೆಯ ನೀರಾದರೆ ತಾಮ್ರ ಮಳೆಯದೋ ಹಂಡೆಯದೋ ತಿಳಿಯದು! ಆದಕಾರಣ ನೈಟ್ರಿಕ್ ಆಮ್ಲದಲ್ಲಿ ನೆನೆಸಿ ತೊಳೆದ ಪಾಲಿಥೀನ್ ಸೀಸೆಯನ್ನೂ ಆಲಿಕೆಯನ್ನೂ ಬಳಸುತ್ತಾರೆ. ಪಾದರಸಕ್ಕಾದರೆ ಗಾಜು ಅಥವಾ ಟೆಫ್ಲಾನ್ ಸೀಸೆ. ಮಳೆಯಿಲ್ಲದಾಗ ಧೂಳು ಬೀಳದಂತೆ, ಹನಿ ತಾಗಿದೊಡನೆ ತಾನಾಗಿ ತೆರೆದುಕೊಂಡು ಮಳೆ ನಿಂತೊಡನೆ ಮುಚ್ಚಿಕೊಳ್ಳುವ ಮುಚ್ಚಳವುಳ್ಳ ಪೆಟ್ಟಿಗೆಗಳಿವೆ. ಲೋಹ ಸೀಸೆಯ ಗೋಡೆಗೆ ಅಂಟದಿರಲೆಂದು ನೀರಿಗೆ ಶುದ್ಧವಾದ ಆಮ್ಲವನ್ನು ಸ್ವಲ್ಪ ಬೆರೆಸುತ್ತಾರೆ. ಮಳೆಯ ಸ್ವಂತ ಆಮ್ಲತೆಯನ್ನು ಅದಕ್ಕೆ ಮುಂಚೆಯೇ ಅಳೆದಿರಬೇಕು. ಇಷ್ಟಾದ ಮೇಲೂ ಶುದ್ಧಜಲ ತುಂಬಿದ ಇನ್ನೊಂದು ಸೀಸೆಯನ್ನು ಇದೇ ದಾರಿಯಲ್ಲಿ ಕೊಂಡೊಯ್ದು ಪರೀಕ್ಷಿಸುತ್ತಾರೆ. ಅದರಲ್ಲಿ ಕಂಡುಬಂದ ಲೋಹ ಮಳೆಯದಲ್ಲ, ನಮ್ಮದೇ.

ಮುಂದಿನದು ಯಂತ್ರದ ಕೆಲಸ. ಪ್ರತಿಯೊಂದು ಧಾತುವಿನ ಪರಮಾಣುಗಳೂ ತಮಗೆ ಮೀಸಲಾದ ಬೆಳಕನ್ನು ಮಾತ್ರ ಹೀರುತ್ತವೆ. ಈ ತತ್ತ್ವವನ್ನು ಹಿಡಿದು ಧಾತುಗಳನ್ನು ಅಳೆಯುವ ವಿಧಾನವನ್ನು ಆಸ್ಟ್ರೇಲಿಯದ ಆಲನ್ ವಾಲ್ಷ್ 1955ರಲ್ಲಿ ಪ್ರಕಟಿಸಿದನು. ಇಂದಿನ ಇನ್ನೊಂದು ಯಂತ್ರದಲ್ಲಿ ಸಾವಿರಾರು ಡಿಗ್ರಿ ಕಾದ ಆರ್ಗಾನ್ ಅನಿಲದೊಳಕ್ಕೆ ನೀರನ್ನು ಮಂಜಿನಂತೆ ಸಿಂಪಡಿಸಿ, ವಿದ್ಯುದಂಶ ಪಡೆದ ಪರಮಾಣುಗಳನ್ನು ತೂಕಕ್ಕನುಸಾರವಾಗಿ ಬೇರ್ಪಡಿಸಿ ಎಣಿಸುತ್ತಾರೆ. ಲಕ್ಷ ಕೋಟಿಯಲ್ಲಿ ಒಂದು ಪಾಲನ್ನೂ ಇದು ಗುರುತಿಸಬಲ್ಲದು.

ಲೋಹ ಎಲ್ಲಿಂದ ಬಂತೆಂಬುದನ್ನು ತಿಳಿಯಲು ಹೋಲಿಕೆಯೇ ಉಪಾಯ. ಮಣ್ಣಿನಲ್ಲಿ ಅಲ್ಯುಮಿನಿಯಮ್ಮಿಗೆ ಸೀಸ ಯಾವ ಪ್ರಮಾಣದಲ್ಲಿದೆಯೋ ಮಳೆಯಲ್ಲಿಯೂ ಅದೇ ಪ್ರಮಾಣದಲ್ಲಿದ್ದರೆ ಅದು ನೆಲದ ಧೂಳು. ಹತ್ತಾರು ಪಟ್ಟು ಹೆಚ್ಚಿದ್ದರೆ ಹೊಗೆಕೊಳವೆಯ ಕಡೆ ನೋಡಬೇಕಾಗುತ್ತದೆ.

ಈ ಶ್ರಮವೆಲ್ಲ ಏಕೆಂದು ಕೇಳುವವರಿಗೆ ಅಮೆರಿಕದ ಕ್ಲೇರ್ ಪ್ಯಾಟರ್ಸನ್ನನ ಕಥೆ ಉತ್ತರ. ಉಲ್ಕಾಶಿಲೆಯಲ್ಲಿಯ ಸೀಸವನ್ನಳೆದು ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷವೆಂದು ಅವನು 1956ರಲ್ಲಿ ಪ್ರಕಟಿಸಿದನು. ಆ ಕಾರ್ಯದಲ್ಲಿ ಅವನಿಗೆ ಅಡ್ಡಬಂದುದು ಪ್ರಯೋಗಶಾಲೆಯ ಗಾಳಿ, ನೀರು, ಗಾಜುಗಳಲ್ಲಿ ತುಂಬಿದ್ದ ಸೀಸ. ಅದನ್ನು ಹೊರಗಿಡಲು ಹೆಣಗಿದವನಿಗೇ ಅದು ಎಲ್ಲೆಲ್ಲಿಯೂ ಹರಡಿದೆಯೆಂಬ ಅರಿವಾಯಿತು. ಗ್ರೀನ್ಲೆಂಡಿನ ಹಿಮದ ಪದರಗಳನ್ನು ಪರೀಕ್ಷಿಸಿ, 1940ರ ನಂತರ ಸೀಸ ವಿಶೇಷವಾಗಿ ಏರಿರುವುದನ್ನು ಅವನೂ ಸಂಗಡಿಗರೂ 1969ರಲ್ಲಿ ತೋರಿಸಿದರು. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಅದಕ್ಕೆ ಮುಖ್ಯ ಕಾರಣ. ಮಕ್ಕಳ ಮಿದುಳಿಗೆ ಕೇಡುಮಾಡುವ ಈ ವಿಷದ ವಿಷಯದಲ್ಲಿ ಉದ್ಯಮದವರು ಅವನನ್ನು ಬಲವಾಗಿ ವಿರೋಧಿಸಿದರು. ಆದರೂ ಸೀಸದ ಪೆಟ್ರೋಲು ಅಮೆರಿಕದ ರಸ್ತೆಗಳಿಂದ 1996ರಲ್ಲಿ, ಭಾರತದಿಂದ 2000ದಲ್ಲಿ ತೊಲಗಿತು. ಅದರ ಬಳಕೆ ಇಳಿದಂತೆ ಗ್ರೀನ್ಲೆಂಡಿನ ಹಿಮದಲ್ಲಿಯೂ ಸೀಸ ಇಳಿಯಿತು.

ಕಲಾವಿಭಾಗದವರಾದ ನಮಗೆ ಈ ಯಂತ್ರಗಳ ಗೊಡವೆ ಏಕೆಂದು ಸ್ನೇಹಿತರು ಕೇಳಬಹುದು. ಮಳೆ ಯಾರ ಹೊಲ, ಯಾರ ಮನೆ ಎಂದು ನೋಡಿ ಸುರಿಯುವುದಿಲ್ಲ. ಒಬ್ಬರ ಹೊಗೆ ಇನ್ನೊಬ್ಬರ ಹಂಡೆಗೆ ಇಳಿಯುತ್ತದೆ. ಕಣ್ಣಿಗೆ ಕಾಣದ ಆ ಅನ್ಯಾಯಕ್ಕೆ ಸಾಕ್ಷಿ ನುಡಿಯಬಲ್ಲುದು ಅಳತೆಯೊಂದೇ. ಆ ಸಾಕ್ಷಿಯನ್ನು ಲೋಕ ನಂಬಬೇಕಾದರೆ, ಅಳೆಯುವವನು ಮೊದಲು ತನ್ನ ಸೀಸೆಯನ್ನು ತೊಳೆದುಕೊಂಡಿರಬೇಕು.