ಜಪಾನಿನ ಶಿನ್‌ರ್ಯೋ ನೈಕಾ: ತಪ್ಪು ಕಲ್ಪನೆ ಮತ್ತು ಸತ್ಯ

ಜಪಾನಿನ ನಗರಗಳಲ್ಲಿ ‘ಶಿನ್‌ರ್ಯೋ ನೈಕಾ’ ಎಂಬ ಫಲಕವಿರುವ ಚಿಕಿತ್ಸಾಲಯಗಳು ಹೇರಳವಾಗಿದ್ದು, ಮನೋವೈದ್ಯರ ಬಳಿಗೆ ಹೋಗಲು ಸಂಕೋಚಪಡುವವರಿಗಾಗಿ ಇಟ್ಟ ಮೆತ್ತನೆಯ ಹೆಸರೇ ಅದು ಎಂಬ ನಂಬಿಕೆ ಅಲ್ಲಿನವರಲ್ಲೇ ಬೇರೂರಿದೆ. ಆದರೆ ಮನೋದೈಹಿಕ ವೈದ್ಯಶಾಸ್ತ್ರ, ಅಂದರೆ ರೋಗದ ಹುಟ್ಟು ಮತ್ತು ಗತಿಗಳಲ್ಲಿ ದೇಹದ ಜೊತೆಗೆ ಮನಸ್ಸು ಮತ್ತು ಸಾಮಾಜಿಕ ಸನ್ನಿವೇಶಗಳ ಪಾತ್ರವನ್ನೂ ಪರಿಶೀಲಿಸುವ ಶಾಖೆ, ಜಪಾನಿನಲ್ಲಿ ಬೆಳೆದದ್ದು ಮನೋವೈದ್ಯ ವಿಭಾಗದಲ್ಲಲ್ಲ. ಕರ್ನಾಟಕದ ಕಾಲೇಜುಗಳಲ್ಲಿ ಜನರಲ್ ಮೆಡಿಸಿನ್ ಎನಿಸಿಕೊಳ್ಳುವ ವಿಭಾಗದ ಮಡಿಲಲ್ಲಿ. ಇದರ ಮೂಲಪುರುಷ ಯೂಜಿರೊ ಇಕೆಮಿ ಫುಕುವೊಕಾದ ಕ್ಯೂಷೂ ವಿಶ್ವವಿದ್ಯಾಲಯದ ಫಿಸಿಷಿಯನ್. 1959ರಲ್ಲಿ ಈ ಶಾಖೆಯ ವಿದ್ವತ್ ಸಂಘವೂ 1961ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ದೇಶದ ಮೊದಲ ಮನೋದೈಹಿಕ ಅಧ್ಯಯನ ಕೇಂದ್ರವೂ ಸ್ಥಾಪನೆಯಾಗಿ, 1963ರಲ್ಲಿ ಶಿನ್‌ರ್ಯೋ ನೈಕಾ ಹೆಸರಿನ ಚಿಕಿತ್ಸಾ ವಿಭಾಗ ತೆರೆಯಿತು. ಅಸ್ತಮಾ, ಜಠರದ ಹುಣ್ಣು, ಕರುಳಿನ ತೊಂದರೆಗಳಂಥ ದೈಹಿಕ ಕಾಯಿಲೆಗಳೇ ಈ ಶಾಖೆಯ ಮುಖ್ಯ ಕ್ಷೇತ್ರ.

ಮನೋದೈಹಿಕ ರೋಗವೆಂದರೆ ಬರೀ ಭ್ರಮೆ ಎಂಬ ಮಾತು ಇನ್ನೂ ಹಳೆಯದು. ಅದನ್ನು ಪ್ರಶ್ನಿಸುವ ಒಂದು ಪ್ರಯೋಗವಿದೆ. ಉರುಶಿ ಜಾತಿಯ ಮರಗಳು ಮಾವು, ಗೇರುಗಳ ಕುಟುಂಬಕ್ಕೆ ಸೇರಿದ್ದು, ಅವುಗಳ ಸೊನೆ ತಾಗಿದರೆ ಅನೇಕರ ಚರ್ಮ ಕೆಂಪೇರಿ ಗುಳ್ಳೆಯೇಳುತ್ತದೆ. ಇಂಥ ಅಲರ್ಜಿಯಿದ್ದ ಹುಡುಗರಿಗೆ ನಿರಪಾಯಕಾರಿ ಎಲೆಯನ್ನೇ ಉರುಶಿಯದೆಂದು ನಂಬಿಸಿ ಸೋಕಿಸಿದಾಗಲೂ ಚರ್ಮ ಕೆಂಪೇರಿ ಕಣ್ಣಿಗೆ ಕಾಣುವ ಗುಳ್ಳೆಗಳೆದ್ದವೆಂದು ಇಕೆಮಿ ಮತ್ತು ಅವರ ಸಹಸಂಶೋಧಕ ನಕಗಾವಾ 1962ರಲ್ಲಿ ವರದಿ ಮಾಡಿದರು. ಕೆಲವೇ ಹುಡುಗರ ಮೇಲೆ ನಡೆದ ಈ ಪ್ರಯೋಗದ ಮೇಲೆ ಸಿದ್ಧಾಂತದ ಇಡೀ ಭಾರವನ್ನು ಹೊರಿಸುವುದು ಸಲ್ಲದಾದರೂ, ನಂಬಿಕೆಯ ಪರಿಣಾಮ ಚರ್ಮದ ಮೇಲೂ ಮೂಡಬಲ್ಲದೆಂಬುದಕ್ಕೆ ಇದನ್ನು ಇಂದಿಗೂ ಉದಾಹರಿಸಲಾಗುತ್ತದೆ. ಮನೋದೈಹಿಕ ರೋಗಕ್ಕೆ 1991ರಲ್ಲಿ ಸಂಘವು ನೀಡಿದ ವ್ಯಾಖ್ಯೆಯೂ, ಅಂಗಾಂಗದ ರಚನೆಯಲ್ಲೋ ಕಾರ್ಯದಲ್ಲೋ ದೋಷವಿರುವ ದೈಹಿಕ ರೋಗಗಳನ್ನು ಮಾತ್ರ ಒಳಗೊಂಡು, ಖಿನ್ನತೆಯಂಥ ಮಾನಸಿಕ ಕಾಯಿಲೆಗಳ ಜೊತೆ ಬರುವ ದೈಹಿಕ ಲಕ್ಷಣಗಳನ್ನು ಸ್ಪಷ್ಟವಾಗಿ ಹೊರಗಿಡುತ್ತದೆ.

ಇದೆಲ್ಲ ಝೆನ್ ಧ್ಯಾನದ ವೈದ್ಯಕೀಯ ರೂಪವೆಂಬ ಮೂರನೆಯ ಕಲ್ಪನೆ ಪ್ರವಾಸಿ ಬರಹಗಳಿಗೆ ಒಪ್ಪುವಂಥದ್ದು. ಇಕೆಮಿಯವರಿಗೆ ಪೌರಸ್ತ್ಯ ಚಿಂತನೆಯಲ್ಲಿ ಒಲವಿದ್ದುದು ನಿಜವಾದರೂ, ಅವರು ಆರಂಭದಲ್ಲಿ ಆಧರಿಸಿದ್ದು ಯುದ್ಧಾನಂತರದ ಅಮೆರಿಕದ ಮನೋದೈಹಿಕ ವೈದ್ಯವನ್ನು.

ಇದು ಮನೋವೈದ್ಯಕ್ಕಿಟ್ಟ ಮೆತ್ತನೆಯ ಹೆಸರೆಂಬ ಮೊದಲ ನಂಬಿಕೆ ಮಾತ್ರ ಪೂರ್ತಿ ನಿರಾಧಾರವಲ್ಲ. 1996ರಲ್ಲಿ ಸರ್ಕಾರ ಶಿನ್‌ರ್ಯೋ ನೈಕಾ ಎಂಬ ಹೆಸರನ್ನು ಫಲಕದಲ್ಲಿ ಬಳಸಲು ಅನುಮತಿಸಿತು. ಅರಿವಳಿಕೆಯಂಥ ಅಪವಾದವನ್ನು ಬಿಟ್ಟರೆ ಅನುಮೋದಿತ ವಿಭಾಗದ ಹೆಸರನ್ನು ಯಾವ ವೈದ್ಯರಾದರೂ ಹಾಕಿಕೊಳ್ಳಲು ಜಪಾನಿನ ಕಾನೂನು ಅವಕಾಶ ನೀಡುವುದರಿಂದ, ಮನೋವೈದ್ಯರೇ ಅದನ್ನು ಧಾರಾಳವಾಗಿ ಬಳಸತೊಡಗಿದರು. ಹೀಗೆ ಫಲಕಗಳು ಹೆಚ್ಚಿದರೂ, ದೇಶದ ಸುಮಾರು 80 ವೈದ್ಯಕೀಯ ವಿದ್ಯಾಲಯಗಳ ಪೈಕಿ ಸ್ವತಂತ್ರ ಮನೋದೈಹಿಕ ವಿಭಾಗವಿರುವವು ಇಂದಿಗೂ ಬೆರಳೆಣಿಕೆಯಷ್ಟೇ.