ದಾರಿಯಸ್‌ನ ಸಾಮ್ರಾಜ್ಯ ನಡೆಯುತ್ತಿದ್ದುದು ಹೇಗೆ?

ಕ್ರಿ.ಪೂ. 522ರಲ್ಲಿ ದಾರಿಯಸ್ ಪಟ್ಟಕ್ಕೆ ಬಂದಾಗ ಪರ್ಷಿಯಾ ಸಾಮ್ರಾಜ್ಯ ಕೈತಪ್ಪುವ ಹಂತದಲ್ಲಿತ್ತು. ಸಾಮ್ರಾಜ್ಯ ಕಟ್ಟಿದ ಸೈರಸ್ ಗೆದ್ದ ಬ್ಯಾಬಿಲೋನ್, ಮೀಡಿಯಾಗಳು ತಿರುಗಿಬಿದ್ದಿದ್ದವು. ಒಂದೇ ವರ್ಷದಲ್ಲಿ 19 ಯುದ್ಧ ಮಾಡಿ 9 ಅರಸರನ್ನು ಸೆರೆಹಿಡಿದೆ ಎಂದು ಅವನು ಬೆಹಿಸ್ತೂನ್ ಬಂಡೆಯ ಮೇಲೆ ಕೊರೆಸಿದ್ದಾನೆ. ಆಮೇಲೆ ಕ್ರಿ.ಪೂ. 486ರವರೆಗೆ, ಈಜಿಯನ್ ಕಡಲಿನಿಂದ ಸಿಂಧೂ ನದಿಯವರೆಗಿನ ನಾಡುಗಳನ್ನು ಅವನೇ ಆಳಿದ. ಕತ್ತಿಯಿಂದ ಗೆದ್ದದ್ದನ್ನು ಅವನು ಉಳಿಸಿಕೊಂಡದ್ದು ಲೆಕ್ಕ, ಓಲೆ ಮತ್ತು ಮುದ್ರೆಯಿಂದ.

ಕಪ್ಪದ ಲೆಕ್ಕ

ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಪ್ರಕಾರ ದಾರಿಯಸ್ ರಾಜ್ಯವನ್ನು 20 ಪ್ರಾಂತ್ಯಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಇಷ್ಟೇ ಕಪ್ಪ ಎಂದು ಗೊತ್ತುಮಾಡಿದ. ಪ್ರಾಂತ್ಯದ ಅಧಿಪತಿಯೇ ಸತ್ರಪ; ಸಾಮಾನ್ಯವಾಗಿ ಪರ್ಷಿಯಾದ ದೊಡ್ಡ ಮನೆತನದವನು. ಕಂದಾಯ, ನ್ಯಾಯ, ಕಾವಲು ಎಲ್ಲವೂ ಅವನ ಹೊಣೆ. ಸಿಲಿಸಿಯಾ ವರ್ಷಕ್ಕೆ 360 ಬಿಳಿ ಕುದುರೆ ಮತ್ತು 500 ಟ್ಯಾಲೆಂಟ್ (ಅಂದಿನ ತೂಕದ ಅಳತೆ) ಬೆಳ್ಳಿ ಕೊಡಬೇಕಿತ್ತು. ಅದರಲ್ಲಿ 140 ಟ್ಯಾಲೆಂಟ್ ಅಲ್ಲಿನ ಕುದುರೆ ಪಡೆಗೇ ಖರ್ಚಾಗಿ, ಉಳಿದದ್ದು ರಾಜನ ಬೊಕ್ಕಸ ಸೇರುತ್ತಿತ್ತು. ಸಿಂಧೂ ಪ್ರಾಂತ್ಯದಿಂದ 360 ಟ್ಯಾಲೆಂಟ್ ಚಿನ್ನದ ಪುಡಿ ಹೋಗುತ್ತಿತ್ತು. ಪರ್ಷಿಯನ್ನರ ಸ್ವಂತ ನಾಡಿಗೆ ಮಾತ್ರ ಕಪ್ಪವಿರಲಿಲ್ಲ.

ಸತ್ರಪನ ಮೇಲೆ ಕಣ್ಣು

ದೂರದ ಸತ್ರಪ ತಾನೇ ರಾಜನಂತೆ ಮೆರೆದರೆ? ಅದಕ್ಕೆಂದೇ ಪ್ರತಿ ಸತ್ರಪನ ಬಳಿ ರಾಜನ ಕಡೆಯ ಕರಣಿಕನೊಬ್ಬ ಇರುತ್ತಿದ್ದ. ಉದಾಹರಣೆಗೆ, ಸಾರ್ಡಿಸ್‌ನ ಸತ್ರಪ ಒರೊಯ್ಟೀಸ್ ರಾಜದೂತನನ್ನೇ ಕೊಲ್ಲಿಸಿದ್ದ. ಅವನಿಗೆ ಸಾವಿರ ಪರ್ಷಿಯನ್ ಕಾವಲುಗಾರರಿದ್ದರು. ದಾರಿಯಸ್ ಪರವಾಗಿ ಬಗಾಯಸ್ ಎಂಬವನು ರಾಜಮುದ್ರೆಯ ಓಲೆಗಳೊಂದಿಗೆ ಅಲ್ಲಿಗೆ ಹೋದ. ಒಂದೊಂದೇ ಓಲೆ ಬಿಚ್ಚಿ ಕರಣಿಕನ ಕೈಯಲ್ಲಿ ಓದಿಸುತ್ತ, ಕಾವಲಿನವರ ಮುಖ ನೋಡುತ್ತಿದ್ದ. ಮುದ್ರೆಗೆ ಅವರು ಕೊಟ್ಟ ಮರ್ಯಾದೆ ಕಂಡ ಮೇಲೆ, ಒರೊಯ್ಟೀಸ್‌ನನ್ನು ಕಾಯಬೇಡಿ ಎಂಬ ಓಲೆ ಹೊರಬಂತು. ಈಟಿಗಳು ಕೆಳಗಿಳಿದವು. ಕೊನೆಯ ಓಲೆಯಲ್ಲಿ ಅವನನ್ನು ಕೊಲ್ಲುವ ಆಜ್ಞೆಯಿತ್ತು. ಕಾವಲುಗಾರರೇ ಅದನ್ನು ಮುಗಿಸಿದರು. ಹೆರೊಡೋಟಸ್ ಹೇಳುವ ಈ ಪ್ರಸಂಗದಲ್ಲಿ ದಾರಿಯಸ್ ಒಂದು ದಂಡನ್ನೂ ಕಳಿಸಲಿಲ್ಲ.

ರಸ್ತೆ, ಪಡಿ, ರಸೀದಿ

ಇಂಥ ಓಲೆಗಳು ಬೇಗ ತಲುಪಲು ಸಾರ್ಡಿಸ್‌ನಿಂದ ಸೂಸಾವರೆಗೆ ಸುಮಾರು 2,400 ಕಿ.ಮೀ. ರಾಜಮಾರ್ಗವಿತ್ತು. ಅದರಲ್ಲಿ 111 ತಂಗುದಾಣಗಳು. ನಡೆದು ಹೋಗುವವರಿಗೆ 90 ದಿನದ ದಾರಿ. ಅಂಚೆ ಸವಾರರು ಕುದುರೆ ಬದಲಿಸುತ್ತ ಅದಕ್ಕಿಂತ ಎಷ್ಟೋ ಬೇಗ ಮುಟ್ಟುತ್ತಿದ್ದರು.

ಈ ವ್ಯವಸ್ಥೆಯ ದಿನದ ಲೆಕ್ಕ 1933ರಲ್ಲಿ ಪರ್ಸೆಪೊಲಿಸ್‌ನಲ್ಲಿ ಸಿಕ್ಕ ಸಾವಿರಾರು ಮಣ್ಣಿನ ಫಲಕಗಳಲ್ಲಿದೆ. ಸರ್ಕಾರಿ ಕೆಲಸದ ಮೇಲೆ ಹೊರಟವನು ಮುದ್ರೆಯ ಪರವಾನಗಿ ತೋರಿಸಿದರೆ ಉಗ್ರಾಣದವನು ಹಿಟ್ಟು, ಬಿಯರ್ ಅಥವಾ ವೈನ್ ಅಳೆದು ಕೊಡುತ್ತಿದ್ದ. ಯಾರಿಗೆ, ಎಷ್ಟು, ಯಾರ ಆಜ್ಞೆಯಂತೆ ಎಂಬುದು ಹಸಿಮಣ್ಣಿನ ಮೇಲೆ ದಾಖಲಾಗಿ, ಮುದ್ರೆ ಬೀಳುತ್ತಿತ್ತು. ಭಾರತದಿಂದ ಸೂಸಾಗೆ ಹೊರಟ ತಂಡಗಳ ಲೆಕ್ಕವೂ ಇವುಗಳಲ್ಲಿದೆ. ಹೆರಿಗೆಯಾದ ಕೂಲಿ ಹೆಂಗಸರಿಗೆ ಹೆಚ್ಚಿನ ಪಡಿ ಸಿಗುತ್ತಿತ್ತು. ಗಂಡುಮಗುವಾದರೆ ಹೆಣ್ಣುಮಗುವಿಗೆ ಕೊಡುವುದರ ಎರಡರಷ್ಟು.

ದೇವರು, ಭಾಷೆ ಅವರವರದು

ಗೆದ್ದ ಜನರನ್ನೆಲ್ಲ ಪರ್ಷಿಯನ್ನರನ್ನಾಗಿ ಮಾಡಲು ದಾರಿಯಸ್ ಹೋಗಲಿಲ್ಲ. ಈಜಿಪ್ಟಿನಲ್ಲಿ ಅವನು ಫೇರೋ ಆಗಿ ನಿಂತ. ಅಲ್ಲಿನ ಹಳೆಯ ಕಾನೂನುಗಳನ್ನು ಸಂಗ್ರಹಿಸಿ ಬರೆಸಿದ. ಜೆರುಸಲೇಮಿನ ದೇಗುಲ ಅವನ ಕಾಲದಲ್ಲೇ ಮತ್ತೆ ಎದ್ದಿತು. ಬೆಹಿಸ್ತೂನ್ ಶಾಸನ ಹಳೆಯ ಪರ್ಷಿಯನ್, ಎಲಮೈಟ್, ಬ್ಯಾಬಿಲೋನಿಯನ್ ಮೂರರಲ್ಲೂ ಇದೆ; ಪ್ರಾಂತ್ಯಗಳ ನಡುವಿನ ಪತ್ರವ್ಯವಹಾರಕ್ಕೆ ಅರಮಾಯಿಕ್ ಬಳಕೆಯಲ್ಲಿತ್ತು.

ಇದನ್ನು ಔದಾರ್ಯವೆಂದು ತಿಳಿದರೆ ತಪ್ಪಾದೀತು. ಕಪ್ಪ ಮತ್ತು ಸೈನಿಕರು ಬರುತ್ತಿರುವವರೆಗೆ ಮಾತ್ರ ಈ ಸಡಿಲಿಕೆ. ಬಂಡೆದ್ದ ಮೀಡಿಯಾದ ಫ್ರವರ್ತಿಷ್‌ನ ಮೂಗು, ಕಿವಿ, ನಾಲಿಗೆ ಕೊಯ್ಸಿ ಒಂದು ಕಣ್ಣು ಕೀಳಿಸಿದೆ ಎಂದು ಅದೇ ಬಂಡೆಯ ಮೇಲೆ ದಾರಿಯಸ್ ಹೇಳಿಕೊಂಡಿದ್ದಾನೆ. ಕ್ರಿ.ಪೂ. 494ರಲ್ಲಿ, ಬಂಡೆದ್ದ ಗ್ರೀಕರ ಮಿಲೇಟಸ್ ನಗರ ನೆಲಸಮವಾಯಿತು. ಇಷ್ಟಾದರೂ ಅವನ ಕೊನೆಯ ದಿನಗಳಲ್ಲಿ ಈಜಿಪ್ಟ್ ದಂಗೆ ಎದ್ದಿತ್ತು.

ಆದರೆ ಅವನು ಕಟ್ಟಿದ ಆಡಳಿತದ ಚೌಕಟ್ಟು ಅವನ ವಂಶಕ್ಕಿಂತ ಹೆಚ್ಚು ಕಾಲ ಬಾಳಿತು. ಕ್ರಿ.ಪೂ. 331ರಲ್ಲಿ ಬ್ಯಾಬಿಲೋನ್ ಹಿಡಿದ ಅಲೆಕ್ಸಾಂಡರ್ ಅಲ್ಲಿಗೆ ಸತ್ರಪನನ್ನಾಗಿ ನೇಮಿಸಿದ್ದು, ಅದುವರೆಗೆ ತನ್ನ ವಿರುದ್ಧ ಕಾದಾಡಿದ್ದ ಪರ್ಷಿಯಾದ ಸೇನಾನಿ ಮಜಾಯಸ್‌ನನ್ನೇ.