ಎಂಜಿನ್ ಕೈಕೊಡುವ ಮುಂಚೆ ಹೇಳಿರುತ್ತದೆ

ಮರಳು ದಿಬ್ಬದ ನೆತ್ತಿಯಿಂದ ಎಂಟು ಟನ್‌ಗೂ ಹೆಚ್ಚು ತೂಕದ ಟ್ರಕ್ ನಾಲ್ಕೂ ಚಕ್ರ ಮೇಲೆತ್ತಿ ಹಾರುವ ವಿಡಿಯೊವನ್ನು ನೀವೂ ನೋಡಿರಬಹುದು. ಅದು ಡಕಾರ್ ರ‍್ಯಾಲಿ. 1978ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಿಂದ ಸೆನೆಗಲ್‌ನ ಡಕಾರ್ ನಗರಕ್ಕೆ ಹೊರಟು ಆರಂಭವಾದ ಈ ಸ್ಪರ್ಧೆ 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಬೈಕ್ ಓಡಿಸಿ ಇದನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ. ಗೆಳೆಯರೆಲ್ಲ ಬೈಕ್‌ಗಳ ಬಗ್ಗೆ ಮಾತಾಡಿದರೆ ನನ್ನ ಕಣ್ಣು ಮಾತ್ರ ಟ್ರಕ್‌ಗಳ ಮೇಲೆ. ಅದರಲ್ಲಿ ಮೂವರು ಕೂರುತ್ತಾರೆ. ಒಬ್ಬ ಚಾಲಕ, ಒಬ್ಬ ದಾರಿ ಹೇಳುವವ, ಇನ್ನೊಬ್ಬ ಮೆಕ್ಯಾನಿಕ್. ರೇಸ್‌ನಲ್ಲಿ ಓಡುವ ಗಾಡಿಯೊಳಗೇ ಮೆಕ್ಯಾನಿಕ್‌ಗೆ ಸೀಟು ಯಾಕೆ? ಮೆಕ್ಯಾನಿಕಲ್ ಬಿ.ಇ. ಓದುತ್ತಿರುವ ನನಗೆ ಈ ಪ್ರಶ್ನೆ ಸಿಲೆಬಸ್‌ಗಿಂತ ಹೆಚ್ಚು ಕಲಿಸಿತು.

ಈ ಟ್ರಕ್‌ಗಳ ಮೊದಲ ಶತ್ರು ದೂಳು. ಮರಳಿನಲ್ಲಿರುವ ಸ್ಫಟಿಕ ಶಿಲೆಯ ಕಣ ಗಡಸುತನದ ಮೋಸ್ ಅಳತೆಯಲ್ಲಿ 7ನೇ ಸ್ಥಾನದಲ್ಲಿದೆ. ಸಾಮಾನ್ಯ ಉಕ್ಕನ್ನೇ ಗೀರುವಷ್ಟು ಗಟ್ಟಿ. ಇಂಥ ಕಣ ಏರ್ ಫಿಲ್ಟರ್ ದಾಟಿ ಒಳಹೊಕ್ಕರೆ ಪಿಸ್ಟನ್ ರಿಂಗ್ ಮತ್ತು ಲೈನರ್ ನಡುವೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ರಿಂಗ್ ಸವೆದ ಮೇಲೆ ಉರಿದ ಅನಿಲ ಕೆಳಗಿಳಿದು ಆಯಿಲ್ ಕೆಡಿಸುತ್ತದೆ, ಆಯಿಲ್ ಮೇಲೇರಿ ಉರಿಯುತ್ತದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುವುದು ಆಗ.

ಎರಡನೆಯದು ಆಯಿಲ್ ಸಿಗದಿರುವುದು. ಮನೆಯ ಸಂಪ್‌ನಲ್ಲಿ ನೀರು ತಳ ಕಂಡಾಗ ಮೋಟರ್ ಗಾಳಿ ಎಳೆಯುವುದನ್ನು ನೋಡಿದ್ದೀರಲ್ಲ, ಇಲ್ಲಿಯೂ ಹಾಗೆಯೇ. ಟ್ರಕ್ ಹಾರಿದಾಗ, ಕಡಿದಾದ ದಿಬ್ಬದಲ್ಲಿ ವಾಲಿದಾಗ ಕೆಳಗಿನ ಆಯಿಲ್ ಒಂದು ಕಡೆಗೆ ಓಡುತ್ತದೆ. ಪಂಪ್ ಗಾಳಿ ಎಳೆಯುತ್ತದೆ. ಕ್ರ್ಯಾಂಕ್‌ಶಾಫ್ಟ್ ಮತ್ತು ಬೇರಿಂಗ್ ಒಂದಕ್ಕೊಂದು ತಾಗದಂತೆ ಕಾಯುವುದು ಕೂದಲಿಗಿಂತ ತೆಳುವಾದ ಆಯಿಲ್ ಪೊರೆ. ಅದು ಹರಿದರೆ ಬೇರಿಂಗ್ ಹಾಳಾಗಲು ಕೆಲವೇ ಸೆಕೆಂಡ್ ಸಾಕು. ಅದಕ್ಕೇ ಅನೇಕ ರೇಸಿಂಗ್ ಎಂಜಿನ್‌ಗಳಲ್ಲಿ ‘ಡ್ರೈ ಸಂಪ್’ ವ್ಯವಸ್ಥೆ ಇರುತ್ತದೆ. ಆಯಿಲನ್ನು ಬೇರೆಯೇ ಒಂದು ಎತ್ತರದ ಟ್ಯಾಂಕ್‌ನಲ್ಲಿಟ್ಟು, ಗಾಡಿ ಎತ್ತ ವಾಲಿದರೂ ಪಂಪ್‌ಗೆ ಸಿಗುವಂತೆ ಮಾಡುತ್ತಾರೆ.

ಮೂರನೆಯದು ಬಿಸಿ. ಮೆತ್ತನೆ ಮರಳಲ್ಲಿ ವೇಗ ಕಡಿಮೆ, ಎಂಜಿನ್ ಮೇಲಿನ ಭಾರ ಪೂರ್ತಿ. ಎದುರುಗಾಳಿ ಸಾಲದು. ಮೆಕ್ಸಿಕೊದಲ್ಲಿ 1967ರಿಂದ ನಡೆಯುತ್ತಿರುವ ಬಾಹಾ 1000 ಸ್ಪರ್ಧೆಯ ‘ಟ್ರೋಫಿ ಟ್ರಕ್’ಗಳಲ್ಲಿ ರೇಡಿಯೇಟರ್ ಸಾಮಾನ್ಯವಾಗಿ ಹಿಂಬದಿಯಲ್ಲಿರುತ್ತದೆ. ಮುಂದಿದ್ದರೆ ಕಲ್ಲು, ಕೆಸರು ಬಡಿಯುತ್ತವೆ. ನಾಲ್ಕನೆಯದು ಹಾರುವಾಗ ಆಕ್ಸಿಲರೇಟರ್ ಬಿಡದಿರುವುದು. ಚಕ್ರ ನೆಲ ಬಿಟ್ಟೊಡನೆ ಭಾರ ಇಲ್ಲವಾಗಿ ಎಂಜಿನ್ ವೇಗ ಒಮ್ಮೆಲೇ ಏರುತ್ತದೆ. ವಾಲ್ವ್ ಸಮಯಕ್ಕೆ ಮುಚ್ಚಿಕೊಳ್ಳದೆ ಪಿಸ್ಟನ್‌ಗೆ ಬಡಿಯಬಹುದು. ಒಳ್ಳೆಯ ಚಾಲಕ ಗಾಳಿಯಲ್ಲಿರುವಾಗ ಪೆಡಲ್‌ನಿಂದ ಕಾಲು ಸಡಿಲಿಸುತ್ತಾನೆ.

ಇದೆಲ್ಲ ಮರುಭೂಮಿಯ ಕಥೆ ಎಂದುಕೊಳ್ಳಬೇಡಿ. ನಮ್ಮಪ್ಪ ಸಂಡೂರು ಕಡೆ ಅದಿರು ಲಾರಿ ಓಡಿಸುತ್ತಾರೆ. ಸಾಲದ ಮೇಲೆ ತೆಗೆದ ಒಂದೇ ಲಾರಿ. ನಾನು ಮೊದಲ ಸೆಮಿಸ್ಟರ್‌ನಲ್ಲಿದ್ದಾಗ ಎಂಜಿನ್ ಹೋಯಿತು. ಗ್ಯಾರೇಜ್ ಒಂದರಲ್ಲಿ ಪಿಸ್ಟನ್, ಲೈನರ್ ಹೊಸದು ಹಾಕಿಕೊಟ್ಟರು. ನಾಲ್ಕು ತಿಂಗಳಿಗೆ ಮತ್ತೆ ನೀಲಿ ಹೊಗೆ. ಕಂತು ನಿಲ್ಲಲಿಲ್ಲ, ಗಾಡಿ ನಿಂತಿತು. ನನ್ನ ಹಾಸ್ಟೆಲ್ ಫೀಸಿಗೆ ಅಮ್ಮನ ಬಳೆ ಅಡವಿಟ್ಟೆವು. ಎರಡನೇ ಸಲ ನೋಡಿದ ವಯಸ್ಸಾದ ಮೇಸ್ತ್ರಿ ಎಂಜಿನ್ ಬಿಚ್ಚಲೇ ಇಲ್ಲ. ಏರ್ ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿದರು. ಬೆರಳು ಕೆಂಪಾಯಿತು. ಹೋಸ್ ಅಡಿಭಾಗದಲ್ಲಿ ಸಣ್ಣ ಬಿರುಕು. ‘ಇಂಜಿನ್ ಒಂದೇ ದಿನಕ್ಕೆ ಹೋಗಂಗಿಲ್ಲಪ್ಪ, ಮೊದ್ಲೇ ಹೇಳಿರ್ತದೆ’ ಎಂದರು. ಸವೆದ ಪಿಸ್ಟನ್ ಬದಲಾಗಿತ್ತು, ಸವೆಸಿದ ಕಾರಣ ಹಾಗೇ ಉಳಿದಿತ್ತು.

ರೇಸ್ ತಂಡಗಳ ಪದ್ಧತಿಯೂ ಇದೇ. ಮೊದಲು ಬಿಚ್ಚದೆ ನೋಡು, ಆಮೇಲೆ ಬಿಚ್ಚು. ಹೊಗೆಯ ಬಣ್ಣ ಗಮನಿಸಬೇಕು: ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಸೇರುತ್ತಿರಬಹುದು, ಕಪ್ಪಾದರೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ. ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ. ಹಳೆ ಆಯಿಲ್ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡುತ್ತಾರೆ. ಅಯಸ್ಕಾಂತಕ್ಕೆ ಅಂಟುವ ಪುಡಿ ಕಬ್ಬಿಣದ್ದು; ಅಂಟದೆ ಹೊಳೆಯುವ ಪುಡಿ ಬೇರಿಂಗ್ ಅಥವಾ ಪಿಸ್ಟನ್‌ನದ್ದಿರಬಹುದು. ಆಯಿಲ್ ಸ್ಯಾಂಪಲ್ ಲ್ಯಾಬ್‌ಗೂ ಹೋಗುತ್ತದೆ. ಸಿಲಿಕಾನ್ ಮತ್ತು ಕಬ್ಬಿಣ ಎರಡೂ ಏರಿದರೆ ದೂಳು ನುಗ್ಗಿ ಲೈನರ್ ಸವೆಯುತ್ತಿದೆ ಎಂದು ಅನುಮಾನಿಸಬೇಕು. ತಾಮ್ರ, ಸೀಸ ಏರಿದರೆ ಬೇರಿಂಗ್ ಕಡೆ ನೋಡಬೇಕು.

ನನಗೆ ತುಂಬ ಇಷ್ಟವಾದದ್ದು ಲೀಕ್‌ಡೌನ್ ಪರೀಕ್ಷೆ. ವಾಲ್ವ್‌ಗಳೆರಡೂ ಮುಚ್ಚಿರುವಾಗ ಸಿಲಿಂಡರ್‌ಗೆ ಕಂಪ್ರೆಸರ್ ಗಾಳಿ ಬಿಟ್ಟು ಕಿವಿಗೊಡಬೇಕು. ಸೈಲೆನ್ಸರ್‌ನಲ್ಲಿ ಸದ್ದು ಕೇಳಿದರೆ ಎಕ್ಸಾಸ್ಟ್ ವಾಲ್ವ್, ಗಾಳಿ ಒಳಬರುವ ಕಡೆ ಕೇಳಿದರೆ ಇಂಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಎಂಜಿನ್ ತನ್ನ ನೋವು ಎಲ್ಲಿದೆ ಎಂದು ತಾನೇ ತೋರಿಸಿಕೊಡುತ್ತದೆ.

ತಡೆಯುವುದಂತೂ ಇನ್ನೂ ಸರಳ. ಫಿಲ್ಟರ್ ಜೊತೆಗೆ ಹೋಸ್, ಕ್ಲ್ಯಾಂಪ್ ಪರೀಕ್ಷಿಸಿ. ಕಾಗದದ ಫಿಲ್ಟರ್‌ಗೆ ಜೋರಾಗಿ ಗಾಳಿ ಹೊಡೆಸಬೇಡಿ. ಕಾಗದ ಹರಿದರೆ ಕಣ್ಣಿಗೆ ಕಾಣದು, ದೂಳಿಗೆ ದಾರಿಯಾಗುತ್ತದೆ. ರೇಡಿಯೇಟರ್ ಸಂದುಗಳ ಮಣ್ಣು ತೆಗೆಸಿ. ಆಯಿಲ್ ಪ್ರೆಶರ್ ದೀಪ ಹತ್ತಿದರೆ ಮುಂದಿನ ಊರಿನವರೆಗೆ ಹೋಗೋಣ ಎನ್ನದೆ ಅಲ್ಲೇ ಎಂಜಿನ್ ಆಫ್ ಮಾಡಿ.

‘ಮೆಕ್ಯಾನಿಕಲ್ ಓದಿ ಏನು ಮಾಡ್ತೀಯ, ಸಾಫ್ಟ್‌ವೇರ್ ಕಲಿ’ ಎನ್ನುವವರು ನಮ್ಮ ಊರಲ್ಲೂ ಇದ್ದಾರೆ. ಕೋಡಿಂಗ್ ನಾನೂ ಕಲಿಯುತ್ತಿದ್ದೇನೆ. ಆದರೆ ಲಾರಿ, ಪಂಪ್‌ಸೆಟ್, ಜನರೇಟರ್, ಗಣಿಯ ಯಂತ್ರ ಯಾವುದೇ ನಿಂತರೂ ಒಂದು ಮನೆಯ ದುಡಿಮೆ ನಿಲ್ಲುತ್ತದೆ. ಯಾಕೆ ನಿಂತಿತು ಎಂದು ಹಂತ ಹಂತವಾಗಿ ಹುಡುಕಬಲ್ಲವರು ಸರ್ವಿಸ್, ಟೆಸ್ಟಿಂಗ್, ಮೆಂಟೆನೆನ್ಸ್ ವಿಭಾಗಗಳಿಗೆ ಬೇಕೇ ಬೇಕು. ಸಾಫ್ಟ್‌ವೇರ್‌ನಲ್ಲಿ ದೋಷ ಹುಡುಕುವವರಿಗೂ ಬೇಕಾದದ್ದು ಇದೇ ತಾಳ್ಮೆ. ನಿಮ್ಮ ಕಾಲೇಜಿನ ಲ್ಯಾಬ್ ಬೀರುವಿನಲ್ಲಿ ಕಂಪ್ರೆಷನ್ ಗೇಜ್ ಇದ್ದರೆ ಒಂದು ದಿನ ಲ್ಯಾಬ್ ಸಹಾಯಕರನ್ನು ಕೇಳಿ ಹೊರತೆಗೆಸಿ. ಪರೀಕ್ಷೆಯ ಅಂಕಕ್ಕಲ್ಲ, ಒಂದು ಎಂಜಿನ್ ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳಲು.